ಕೃಷ್ಣೆಯ ತೀರದಲ್ಲಿ ಇಂಗ್ಲಿಷ್ ಓದು: ಸಾಂಗಲಿ-ಮಿರಜ ಸೀಮೆಯ ಒಂದು ಸಾಹಿತ್ಯ ಚರಿತ್ರೆ

ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಸ್ಥಾಪಕರನ್ನೂ ದಾನಿಗಳನ್ನೂ ಗುರುಗಳನ್ನೂ ನೆನೆಯುವುದು ನಮ್ಮ ಮೊದಲ ಕರ್ತವ್ಯ. ಆ ಕರ್ತವ್ಯವನ್ನು ಈ ಸಂಪುಟದ ಇತರ ಲೇಖನಗಳು ನೆರವೇರಿಸುತ್ತವೆ. ನಾವು ಇಲ್ಲಿ ಎತ್ತಿಕೊಳ್ಳುವುದು ಪಾಲಕರು ನಮ್ಮನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು. ಜಗತ್ತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿರುವಾಗ, ಅದೂ ಮಹಾರಾಷ್ಟ್ರದ ನೆಲದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಆ ದೊಡ್ಡ ಸಾಹಿತ್ಯವನ್ನು, ಆ ದೊಡ್ಡ ವಿಚಾರಲೋಕವನ್ನು ತಲುಪುವುದು ಹೇಗೆ? ಈ ಪ್ರಶ್ನೆಗೆ ಸಮಾಧಾನದ ಮಾತು ಹೇಳುವುದು ಸುಲಭ. ಆದರೆ ನಮ್ಮ ಸಾಂಗಲಿ-ಮಿರಜ ಸೀಮೆಯ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. ಇಂಗ್ಲಿಷ್ ಸಾಹಿತ್ಯವನ್ನು ಇಲ್ಲಿ ಯಾರು, ಯಾವ ನೆಲೆಯಲ್ಲಿ ನಿಂತು, ಹೇಗೆ ಓದಿದರು ಎಂಬುದನ್ನು ನೋಡಿದರೆ ನಮಗೆ ಧೈರ್ಯವೂ ಬರುತ್ತದೆ, ಎಚ್ಚರವೂ ಮೂಡುತ್ತದೆ.

ಮೊದಲು ನೆಲದ ಮಾತು. ಸಾಂಗಲಿ ಮತ್ತು ಮಿರಜ ಇವೆರಡೂ ಪಟವರ್ಧನ ಮನೆತನದ ಸಂಸ್ಥಾನಗಳ ರಾಜಧಾನಿಗಳಾಗಿದ್ದವು. ಈ ಸಂಸ್ಥಾನಗಳ ಭೂಮಿ ಒಂದೇ ತುಂಡಾಗಿರಲಿಲ್ಲ. ಅದು ಕನ್ನಡ ನಾಡಿನೊಳಗೆ ಅಲ್ಲಲ್ಲಿ ಚದುರಿಕೊಂಡಿತ್ತು. ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಇವು ಸಾಂಗಲಿಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜಕ್ಕೆ ಸೇರಿತ್ತು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯದ ಭಾಷೆಗೆ ಆದರ್ಶವೆಂದು ಹೆಸರಿಸಿದ್ದು ಆ ಊರಿನ ಕನ್ನಡವನ್ನೇ. ಆ ತಿರುಳುಗನ್ನಡದ ಊರಿನ ಕಾಗದಪತ್ರಗಳು ಒಂದು ಕಾಲದಲ್ಲಿ ಮಿರಜದ ಕಚೇರಿಗೆ ಬರುತ್ತಿದ್ದವು. ಆದ್ದರಿಂದ ಇಲ್ಲಿ ಕನ್ನಡವು ಅತಿಥಿಯಾಗಿ ಬಂದ ಭಾಷೆಯಲ್ಲ. ಮರಾಠಿಯೊಡನೆ ಒಂದೇ ಅಂಗಳದಲ್ಲಿ ಬೆಳೆದ ಭಾಷೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಭಾಷಾವಾರು ಪ್ರಾಂತಗಳಾದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಗಡಿ ಬಂದದ್ದು ಆಮೇಲೆ, ಬೆರಕೆ ಇದ್ದದ್ದು ಮೊದಲಿನಿಂದ.

ಈ ಬೆರಕೆಯ ಮೊದಲ ದೊಡ್ಡ ಫಲ ರಂಗಭೂಮಿ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಬಂದು ಚಿಂತಾಮಣರಾವ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಕಂಡ ದೊರೆಯು ಅಂಥದೊಂದು ಪ್ರಯೋಗವು ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿದನು. ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿಯ ಆರಂಭವನ್ನು ಇಂದಿಗೂ ಆ ಪ್ರಯೋಗದಿಂದಲೇ ಎಣಿಸುತ್ತಾರೆ. ಅದಾದ ಮೇಲೆ ಒಂದೇ ತಲೆಮಾರಿನಲ್ಲಿ ಇಂಗ್ಲಿಷ್ ನಾಟಕವೂ ಈ ದಡಕ್ಕೆ ಬಂದಿತು. ಕೃಷ್ಣಾ-ವಾರಣಾ ಸಂಗಮದ ಹರಿಪುರದಲ್ಲಿ ಹುಟ್ಟಿದ ಗೋವಿಂದ ಬಲ್ಲಾಳ ದೇವಲರು ಶೇಕ್ಸ್‌ಪಿಯರನ ‘ಒಥೆಲೋ’ವನ್ನು ‘ಝುಂಜಾರರಾವ್’ ಎಂಬ ಮರಾಠಿ ನಾಟಕವಾಗಿಸಿದರು. ಕನ್ನಡದಲ್ಲಿಯೂ ಅದೇ ಕಾಲದಲ್ಲಿ ಇಂಥ ಕೆಲಸ ನಡೆದಿತ್ತು. ಮೈಸೂರಿನ ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯ ಮೂಲವೂ ‘ಒಥೆಲೋ’ವೇ. ಇವರು ಮಾಡಿದ್ದು ಇಂದಿನ ಅರ್ಥದ ಅನುವಾದವಲ್ಲ. ಪರದೇಶದ ಪಾತ್ರಕ್ಕೆ ಇಲ್ಲಿಯ ಹೆಸರು, ಇಲ್ಲಿಯ ಉಡುಗೆ, ಇಲ್ಲಿಯ ನಂಟಸ್ತಿಕೆಗಳನ್ನು ಕೊಟ್ಟು, ಕಥೆಯ ಉರಿಯನ್ನು ಮಾತ್ರ ಉಳಿಸಿಕೊಂಡರು. ಇಂಗ್ಲಿಷ್ ಓದಿನ ಮೊದಲ ಹಂತವೆಂದರೆ ಈ ಒಗ್ಗಿಸಿಕೊಳ್ಳುವಿಕೆ. ಒಗ್ಗಿಸಿಕೊಳ್ಳಬೇಕಾದರೆ ಒಗ್ಗಿಸಿಕೊಳ್ಳುವವನ ಮನೆ ಗಟ್ಟಿಯಾಗಿರಬೇಕು. ಅವರ ಮನೆ ಗಟ್ಟಿಯಾಗಿತ್ತು.

ಎರಡನೆಯ ಹಂತ ಕಾಲೇಜಿನದು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಅಧ್ಯಯನ ಶಾಖೆ ಆರಂಭವಾದದ್ದು 1894ರಲ್ಲಿ. ಅಂದರೆ ಇಂಗ್ಲೆಂಡಿನ ಹಳೆಯ ವಿದ್ಯಾಪೀಠವು ತನ್ನ ಸಾಹಿತ್ಯವನ್ನು ಪದವಿಯ ವಿಷಯವನ್ನಾಗಿ ಮಾಡುವ ಮೊದಲೇ ಭಾರತದ ಹುಡುಗರು ಅದನ್ನು ಪರೀಕ್ಷೆಗೆ ಓದುತ್ತಿದ್ದರು. ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಗ್ರಂಥದಲ್ಲಿ ಇದರ ಕಾರಣವನ್ನು ವಿವರಿಸಿದ್ದಾರೆ. ಧರ್ಮಬೋಧೆ ಮಾಡಿದರೆ ಪ್ರಜೆಗಳು ಕೆರಳಿಯಾರೆಂಬ ಅಳುಕಿದ್ದ ಆಳರಸರಿಗೆ, ತಮ್ಮ ನೀತಿಯನ್ನೂ ಹಿರಿಮೆಯನ್ನೂ ಸಾಹಿತ್ಯದ ಮೂಲಕ ಮನಸ್ಸಿಗೆ ಇಳಿಸುವುದು ಸುಗಮವಾಗಿ ತೋರಿತು. ಹೀಗೆ ಆಳ್ವಿಕೆಯ ಉಪಕರಣವಾಗಿ ಬಂದದ್ದನ್ನು ನಮ್ಮವರು ಏನು ಮಾಡಿಕೊಂಡರು ಎಂಬುದೇ ಮುಂದಿನ ಕಥೆ.

1919ರಲ್ಲಿ ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯು ಸಾಂಗಲಿ ಮತ್ತು ಮಿರಜಗಳ ನಡುವಿನ ವಿಶ್ರಾಮಬಾಗದಲ್ಲಿ ಕಾಲೇಜೊಂದನ್ನು ತೆರೆಯಿತು. ಮುಂಬಯಿಯ ಗವರ್ನರನಾಗಿದ್ದ, ಮುಂದೆ ವೈಸರಾಯನೂ ಆದ ಲಾರ್ಡ್ ವಿಲಿಂಗ್ಡನ್ನನ ಹೆಸರನ್ನು ಅದಕ್ಕಿಟ್ಟರು. ಹೆಸರು ಆಳುವವರದು, ಕಟ್ಟಿದವರು ಅಲ್ಪ ವೇತನದಲ್ಲಿ ದುಡಿದ ದೇಶಾಭಿಮಾನಿಗಳು. ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಇಲ್ಲಿ ಬೋಧಿಸಿದರು. ಮುಂಬಯಿ ಕರ್ನಾಟಕದ ಅನೇಕ ಕನ್ನಡ ತರುಣರು ಇಲ್ಲಿ ಓದಲು ಬಂದರು.

ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1938ರಲ್ಲಿ ಆಕ್ಸ್‌ಫರ್ಡಿನಿಂದ ಉನ್ನತ ಶ್ರೇಣಿಯೊಡನೆ ಹಿಂದಿರುಗಿ ಈ ಕಾಲೇಜಿನ ಪ್ರಾಂಶುಪಾಲರಾದರು. ಆಗ ಅವರ ವಯಸ್ಸು ಮೂವತ್ತನ್ನೂ ಮುಟ್ಟಿರಲಿಲ್ಲ. ಇಂಗ್ಲೆಂಡಿನಲ್ಲಿ ಆಗ ಎಲಿಯಟ್, ಆಡೆನ್ ಮೊದಲಾದವರ ಹೊಸ ಕಾವ್ಯದ ಪ್ರಭಾವ ಹಬ್ಬಿತ್ತು. ಗೋಕಾಕರಿಗೆ ಅದು ಸಮಕಾಲೀನ ಬ್ರಿಟಿಷ್ ಸಾಹಿತ್ಯ. ಕೈಗೆಟುಕುವ ದೂರದಲ್ಲಿ ಕಂಡದ್ದು. ಧಾರವಾಡದ ಗೆಳೆಯರ ಗುಂಪಿನಲ್ಲಿ ಬೇಂದ್ರೆಯವರ ಬಳಿ ಬೆಳೆದ ಅವರು ಆ ಹೊಸ ಅನುಭವವನ್ನು ಕನ್ನಡದಲ್ಲಿಯೇ ಪರೀಕ್ಷಿಸಿದರು. 1940ರಲ್ಲಿ ‘ಸಮುದ್ರ ಗೀತೆಗಳು’ ಬಂದಿತು. ಕಡಲ ವಿಸ್ತಾರವನ್ನು ಹಿಡಿಯಲು ಹಳೆಯ ಮಟ್ಟುಗಳು ಸಾಲದೆ, ಅವರು ಮುಕ್ತಛಂದದ ಕಡೆಗೆ ತಿರುಗಿದರು. 1950ರಲ್ಲಿ ‘ನವ್ಯ ಕವಿತೆಗಳು’ ಎಂಬ ಹೆಸರಿನಲ್ಲೇ ಸಂಗ್ರಹವೊಂದನ್ನು ಹೊರತಂದು ಒಂದು ಹೊಸ ಮಾರ್ಗಕ್ಕೆ ಹೆಸರನ್ನು ಕೊಟ್ಟರು. ನವ್ಯವು ಮುಂದೆ ಗೋಪಾಲಕೃಷ್ಣ ಅಡಿಗರ ಕೈಯಲ್ಲಿ ಬೇರೆಯೇ ತೀಕ್ಷ್ಣತೆಯನ್ನು ಪಡೆಯಿತೆಂಬುದು ನಿಜ. ಗೋಕಾಕರ ಸಮನ್ವಯದ ದೃಷ್ಟಿಯನ್ನು ಹೊಸಬರು ಒಪ್ಪಲಿಲ್ಲ. ಆದರೆ ಆ ವಾದವಿವಾದ ನಡೆದದ್ದು ಕನ್ನಡದಲ್ಲಿ, ಕನ್ನಡದ ಕವಿತೆಗಾಗಿ.

ಗೋಕಾಕರು ಬಂದು ಹೋದವರು. ರಂಗನಾಥ ಶ್ರೀನಿವಾಸ ಮುಗಳಿಯವರು ಇಲ್ಲಿಯೇ ನೆಲೆನಿಂತವರು. ‘ರಸಿಕರಂಗ’ರೆಂಬ ಕಾವ್ಯನಾಮದ ಮುಗಳಿಯವರು ವಿಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಪ್ರಕಟವಾಗಿ, 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಕರ್ನಾಟಕ ಏಕೀಕರಣವಾಗುವುದಕ್ಕೆ ಮೂರು ವರ್ಷ ಮೊದಲೇ, ಇಂದು ಕರ್ನಾಟಕದ ಹೊರಗಿರುವ ಊರೊಂದರ ಕನ್ನಡ ಅಧ್ಯಾಪಕರಿಂದ, ಇಡೀ ಕನ್ನಡದ ಸಾಹಿತ್ಯ ಚರಿತ್ರೆ ಬಂದಿತೆಂಬುದನ್ನು ನಾವು ಹೆಮ್ಮೆಯಿಂದ ಹೇಳಬಹುದು.

ಹೆಮ್ಮೆಗಿಂತ ಮುಖ್ಯವಾದ ಒಂದು ಅಂಶ ಆ ಗ್ರಂಥದ ವಿನ್ಯಾಸದಲ್ಲಿದೆ. ಮುಗಳಿಯವರಿಗೆ ಮೊದಲು ಇಂಗ್ಲಿಷ್ ಪಾದ್ರಿ ಇ. ಪಿ. ರೈಸ್ ಅವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದಿದ್ದರು. ಅವರು ಜೈನ, ಲಿಂಗಾಯತ, ವೈಷ್ಣವ ಎಂದು ಮತಗಳ ಹೆಸರಿನಲ್ಲಿ ಕಾಲಗಳನ್ನು ವಿಂಗಡಿಸಿದರು. ಭಾರತವೆಂದರೆ ಮತಗಳ ಸಮೂಹ ಎಂದು ಕಾಣುವ ಕಣ್ಣಿಗೆ ಆ ವಿಂಗಡಣೆ ಸಹಜವಾಗಿತ್ತು. ಮುಗಳಿಯವರು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಕವಿಗಳ ಹೆಸರಿನಲ್ಲಿ ಯುಗಗಳನ್ನು ಕರೆದರು. ಇಂಗ್ಲಿಷ್ ಸಾಹಿತ್ಯದ ಚರಿತ್ರೆಕಾರರು ತಮ್ಮ ಸಾಹಿತ್ಯಕ್ಕೆ ಚಾಸರನ ಯುಗ, ಶೇಕ್ಸ್‌ಪಿಯರನ ಯುಗ ಎಂದು ಹೇಳುವುದುಂಟು. ತಮ್ಮ ಸಾಹಿತ್ಯವನ್ನು ಕವಿಗಳಿಂದ ಅಳೆದುಕೊಂಡವರು ನಮ್ಮದನ್ನು ಮಾತ್ರ ಮತಗಳಿಂದ ಅಳೆಯುವುದೇಕೆ? ಮುಗಳಿಯವರು ಈ ಪ್ರಶ್ನೆಯನ್ನು ಹೀಗೆಯೇ ಕೇಳಿಕೊಂಡರೆಂದು ನಾವು ಹೇಳುವುದಿಲ್ಲ. ಆದರೆ ಅವರ ಪುಸ್ತಕದ ವಿನ್ಯಾಸವೇ ಇದಕ್ಕೊಂದು ಉತ್ತರದಂತಿದೆ. ‘ವಸಾಹತೋತ್ತರ’ ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿ ರೂಢಿಯಾಗುವುದಕ್ಕೆ ಬಹಳ ಮೊದಲೇ, ಆ ಮಾತು ಸೂಚಿಸುವ ಕೆಲಸ ಸಾಂಗಲಿಯ ಕನ್ನಡ ವಿಭಾಗದಲ್ಲಿ ಸದ್ದಿಲ್ಲದೆ ನಡೆದಿತ್ತು ಎಂಬುದು ನಮ್ಮ ಅಭಿಪ್ರಾಯ.

ಮುಗಳಿಯವರ ಕಾಲದಲ್ಲಿ ಇಲ್ಲಿ ಕಲಿತವರಲ್ಲಿ ಸು. ರಂ. ಎಕ್ಕುಂಡಿಯವರು ಒಬ್ಬರು. ಅವರು ಮುಂದೆ ಉತ್ತರ ಕನ್ನಡದ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ಶಿಕ್ಷಕರಾಗಿದ್ದು, ಕಥನಕವನದ ಪ್ರಕಾರಕ್ಕೆ ಹೊಸ ಜೀವ ತುಂಬಿದರು. ದೊಡ್ಡ ಓದು ದೊಡ್ಡ ಹುದ್ದೆಯಲ್ಲಿಯೇ ಕೊನೆಗೊಳ್ಳಬೇಕಾಗಿಲ್ಲ. ಹಳ್ಳಿಯ ಶಾಲೆಯ ಕರಿಹಲಗೆಯ ಮುಂದೆಯೂ ಅದು ಬೆಳಗಬಲ್ಲದು. ಈ ಮಾತನ್ನು ಶಿಕ್ಷಕರಾದ ನಾವು ನೆನಪಿನಲ್ಲಿಡತಕ್ಕದ್ದು.

ಗೋಕಾಕರು ಸಾಂಗಲಿಗೆ ಬಂದ 1938ರಲ್ಲಿಯೇ ಲಂಡನ್ನಿನಲ್ಲಿ ರಾಜಾರಾಯರ ‘ಕಾಂತಾಪುರ’ ಪ್ರಕಟವಾಯಿತು. ಹಾಸನದಲ್ಲಿ ಹುಟ್ಟಿದ ರಾಜಾರಾಯರು ತಮ್ಮ ಆರಂಭದ ಕೆಲವು ಬರಹಗಳನ್ನು ಕನ್ನಡದಲ್ಲಿಯೇ ಬರೆದು ಧಾರವಾಡದ ‘ಜಯಕರ್ನಾಟಕ’ದಲ್ಲಿ ಪ್ರಕಟಿಸಿದವರು. ‘ಕಾಂತಾಪುರ’ದ ಮುನ್ನುಡಿಯಲ್ಲಿ ಅವರು, ಪರಭಾಷೆಯಲ್ಲಿ ಸ್ವಂತದ ಚೇತನವನ್ನು ಹೇಳಬೇಕಾದ ಕಷ್ಟವನ್ನು ಪ್ರಸ್ತಾಪಿಸಿದ್ದಾರೆ. ಹಳ್ಳಿಯ ಅಜ್ಜಿಯೊಬ್ಬಳು ಜಗುಲಿಯ ಮೇಲೆ ಕುಳಿತು ಹೇಳುವ ಸ್ಥಳಪುರಾಣದ ಲಯದಲ್ಲಿ ಆ ಇಂಗ್ಲಿಷ್ ಸಾಗುತ್ತದೆ. ವಸಾಹತೋತ್ತರ ಸಾಹಿತ್ಯದ ಪಠ್ಯಗಳಲ್ಲಿ ಇಂದು ಪ್ರಪಂಚದೆಲ್ಲೆಡೆ ಈ ಕಾದಂಬರಿಯನ್ನು ಓದುತ್ತಾರೆ. ಆದರೆ ಆ ಇಂಗ್ಲಿಷಿನ ಕೆಳಗೆ ಹರಿಯುವ ಕನ್ನಡವನ್ನು ಕೇಳಬಲ್ಲ ಕಿವಿ ಎಷ್ಟು ಜನರಿಗಿದೆ? ನಮ್ಮ ಶಾಲೆಯ ಮಗುವಿಗೆ ಅದು ಇದೆ.

ಬ್ರಿಟಿಷ್ ಲೇಖಕರ ಕೃತಿಗಳಿಗೂ ಈ ಮಾತು ಸಲ್ಲುತ್ತದೆ. ಇ. ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ 1924ರಲ್ಲಿ ಬಂದಿತು. ಅದರ ಕೊನೆಯ ಭಾಗದಲ್ಲಿ ಸಂಸ್ಥಾನವೊಂದರ ಅರಮನೆಯಲ್ಲಿ ನಡೆಯುವ ಗೋಕುಲಾಷ್ಟಮಿಯ ಚಿತ್ರವಿದೆ. ಫಾರ್ಸ್ಟರ್ 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರ ಕಾರ್ಯದರ್ಶಿಯಾಗಿದ್ದಾಗ ಕಂಡ ಉತ್ಸವವೇ ಆ ಚಿತ್ರಕ್ಕೆ ಆಧಾರ. ಆ ಮರಾಠಾ ಮಹಾರಾಜರು ಕೊಲ್ಲಾಪುರದ ಶಾಹೂ ಮಹಾರಾಜರ ಅಳಿಯಂದಿರು. ಇಂಗ್ಲೆಂಡಿನ ಓದುಗರಿಗೆ ಗೊಂದಲವೆಂದೋ ರಹಸ್ಯವೆಂದೋ ತೋರುವ ಆ ಭಾಗವು, ಸಂಸ್ಥಾನದ ಉತ್ಸವಗಳ ನೆನಪಿರುವ ನಮ್ಮ ಸೀಮೆಯ ಓದುಗರಿಗೆ ಹಾಗೆ ತೋರುವುದಿಲ್ಲ. ಕೀರ್ತನಕಾರರ ಗದ್ದಲದ ನಡುವೆ ಭಕ್ತಿ ಇರಬಲ್ಲದೆಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗೆಂದು ನಮ್ಮ ಓದೇ ಅಂತಿಮವೆಂದಲ್ಲ. ಪುಸ್ತಕವೊಂದಕ್ಕೆ ಹಲವು ಬಾಗಿಲುಗಳಿರುತ್ತವೆ. ಅವುಗಳಲ್ಲೊಂದರ ಕೀಲಿ ನಮ್ಮ ಬಳಿಯಿದೆ ಎಂದಷ್ಟೇ ನಮ್ಮ ಮಾತು.

ತಿರುಗಿ ನೋಡಿದರೆ, ಪರರು ನಮ್ಮನ್ನು ಓದಿದ ಬಗೆಯೂ ಪರಿಶೀಲನೆಗೆ ತಕ್ಕುದಾಗಿದೆ. ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. 1965ರಲ್ಲಿ ಅದು ಪ್ರಕಟವಾಯಿತು. ಒಂದು ಕಾಲದಲ್ಲಿ ನಮ್ಮ ನೆರೆಯ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತ ಜನಪದ ಕಥೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್ ಅವರು 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಮರುವರ್ಷವೇ ವಿ. ಎಸ್. ನೈಪಾಲ್ ತಮ್ಮ ‘ಇಂಡಿಯಾ: ಎ ವೂಂಡೆಡ್ ಸಿವಿಲೈಜೇಶನ್’ ಗ್ರಂಥದಲ್ಲಿ ಈ ಕಾದಂಬರಿಯನ್ನು ಚರ್ಚಿಸಿ, ಅದರ ಆಧಾರದ ಮೇಲೆ ಹಿಂದೂ ಮನಸ್ಸಿನ ಕುರಿತು ವಿಶಾಲವಾದ ತೀರ್ಮಾನಗಳಿಗೆ ಬಂದರು. ನೈಪಾಲರು ಸ್ವತಃ ವಸಾಹತಿನಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದವರು. ಅವರ ಓದಿನಲ್ಲಿ ಕಥೆಯು ದಾಖಲೆಯಾಯಿತು. ಕಾದಂಬರಿಕಾರನು ಕಟ್ಟಿದ ಅಗ್ರಹಾರವು ಒಂದು ದೇಶದ ಲಕ್ಷಣಪಟ್ಟಿಯಾಯಿತು. ಕನ್ನಡದ ಓದುಗರಾದರೋ ಅದನ್ನು ಆಚಾರದೊಳಗಿನಿಂದಲೇ ಆಚಾರವನ್ನು ಪ್ರಶ್ನಿಸುವ ಕೃತಿಯೆಂದು ಓದಿ, ದಶಕಗಳ ಕಾಲ ಅದರ ಮೇಲೆ ಜಗಳವಾಡಿದರು. ಇವೆರಡರ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದೇ ವಸಾಹತೋತ್ತರ ವ್ಯಾಖ್ಯಾನದ ಒಳ್ಳೆಯ ಮೊದಲ ಪಾಠವಾದೀತು.

ನಮ್ಮ ಸೀಮೆಯಲ್ಲಿ ಮೂರನೆಯ ಹಂತವು ಆರಂಭವಾದದ್ದು 1962ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ. ಅಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದ ಶಾಂತಿನಾಥ ದೇಸಾಯಿಯವರು ‘ಮುಕ್ತಿ’ ಕಾದಂಬರಿಯಿಂದ ಕನ್ನಡ ನವ್ಯದ ಮುಂಚೂಣಿಯಲ್ಲಿದ್ದವರು. ಅವರ ‘ಓಂ ಣಮೋ’ ಕಾದಂಬರಿಗೆ ಮರಣೋತ್ತರವಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂಗ್ಲೆಂಡಿನಿಂದ ಬಂದ ಸಂಶೋಧಕರು ಜೈನ ಸಮಾಜವನ್ನು ಅಭ್ಯಸಿಸುವ ಸಂದರ್ಭ ಅದರಲ್ಲಿದೆ. ಅಂದರೆ, ನೋಡುವವನನ್ನೇ ನೋಡುವ ಕೆಲಸವನ್ನು ಈ ಇಂಗ್ಲಿಷ್ ಪ್ರಾಧ್ಯಾಪಕರು ಕನ್ನಡದಲ್ಲಿ ಮಾಡಿದರು. ಅದೇ ವಿಶ್ವವಿದ್ಯಾಲಯದಲ್ಲಿಯೂ ಇಂಗ್ಲೆಂಡಿನ ಲೀಡ್ಸಿನಲ್ಲಿಯೂ ಓದಿದ ಗಣೇಶ ದೇವಿಯವರು 1992ರಲ್ಲಿ ‘ಆಫ್ಟರ್ ಅಮ್ನೇಶಿಯಾ’ವನ್ನು ಪ್ರಕಟಿಸಿ, ನಮ್ಮ ಭಾಷೆಗಳ ಸ್ವಂತ ವಿಮರ್ಶಾ ಪರಂಪರೆಗಳನ್ನು ನಾವೇ ಮರೆತಿದ್ದೇವೆಂದು ವಾದಿಸಿದರು. ಇಂಗ್ಲಿಷ್ ವಿಭಾಗದೊಳಗಿನಿಂದಲೇ ಭಾಷಾಸಾಹಿತ್ಯಗಳ ಕಡೆಗೆ ಕೈ ತೋರಿಸಿದ ಗ್ರಂಥವದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆ ಅರ್ಧವಾದೀತು. ವಿಲಿಂಗ್ಡನ್ ಕಾಲೇಜಿನ ಆರಂಭಕಾಲದ ಬೆಂಚುಗಳ ಮೇಲೆ ಕುಳಿತವರು ಬಹುಮಟ್ಟಿಗೆ ಮೇಲುಜಾತಿಗಳ ಪುರುಷರು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲಿಯೇ ಹಿಂದುಳಿದವರಿಗೆ ಸರಕಾರಿ ನೌಕರಿಗಳಲ್ಲಿ ಶೇಕಡಾ 50ರ ಮೀಸಲಾತಿಯನ್ನು ಘೋಷಿಸಬೇಕಾಯಿತೆಂಬುದೇ ವಿದ್ಯೆ ಯಾರ ಸ್ವತ್ತಾಗಿತ್ತೆಂಬುದನ್ನು ಹೇಳುತ್ತದೆ. ಅನೇಕ ದಲಿತ, ಶ್ರಮಿಕ ಕುಟುಂಬಗಳಿಗೆ ಇಂಗ್ಲಿಷ್ ಎಂಬುದು ಆಳುವವರ ಹೊರೆಗಿಂತ ಹೆಚ್ಚಾಗಿ ಹಳೆಯ ಕಟ್ಟುಗಳಿಂದ ಹೊರಬರುವ ದಾರಿಯಾಗಿ ಕಂಡಿತು. ಆದ್ದರಿಂದ ಇಂಗ್ಲಿಷ್ ಬೇಡುವ ಪಾಲಕರನ್ನು ಭಾಷಾಭಿಮಾನವಿಲ್ಲದವರೆಂದು ದೂರುವ ಅಧಿಕಾರ ನಮಗಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸದ ಕನ್ನಡ ಶಾಲೆಯು ಕನ್ನಡಕ್ಕೂ ಉಪಕಾರ ಮಾಡಿದಂತಾಗುವುದಿಲ್ಲ.

ಇನ್ನೊಂದು ಕೊರತೆ ನೆರೆಹೊರೆಯದು. ಸಾಂಗಲಿಯಲ್ಲಿ ಹುಟ್ಟಿದ ವಿ. ಸ. ಖಾಂಡೇಕರರು 1959ರಲ್ಲಿ ಮರಾಠಿಯಲ್ಲಿ ‘ಯಯಾತಿ’ ಕಾದಂಬರಿಯನ್ನು ಪ್ರಕಟಿಸಿದರು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ ಹೊರಬಂದಿತು. ಇಂಗ್ಲಿಷ್ ಕವಿಯಾಗಬೇಕೆಂದು ಆಶಿಸಿ ಆಕ್ಸ್‌ಫರ್ಡಿಗೆ ಹೊರಟ ತರುಣನ ಕೈಯಿಂದ ಕನ್ನಡ ನಾಟಕ ಹೊರಟಿತು. ಒಂದೇ ಕಥೆ, ಎರಡು ಭಾಷೆ, ಎರಡು ವರ್ಷಗಳ ಅಂತರ. ತಂದೆಯ ಸುಖಕ್ಕೆ ಮಗನು ತನ್ನ ಯೌವನವನ್ನು ತೆರುವ ಈ ಕಥೆಯನ್ನು ಎರಡೂ ಭಾಷೆಗಳಲ್ಲಿ ಹೋಲಿಸಿ ಓದಲು ಸಾಂಗಲಿ-ಮಿರಜದ ವಿದ್ಯಾರ್ಥಿಗಿಂತ ಯೋಗ್ಯರು ಯಾರು? ಆದರೂ ನಾವು ಲಂಡನ್ನಿನ ಪುಸ್ತಕದ ಕಡೆಗೆ ನೋಡಿದಷ್ಟು ಪಕ್ಕದ ಮನೆಯ ಪುಸ್ತಕದ ಕಡೆಗೆ ನೋಡಿಲ್ಲ. ಸಂಗೀತದಲ್ಲಿ ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಮಿರಜವನ್ನು ಮನೆ ಮಾಡಿಕೊಂಡಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಆಲಿಸಿ, ಅಲ್ಲಿಯ ಸ್ವರಪ್ರಸ್ತಾರದ ಸೊಗಸನ್ನು ತಮ್ಮ ಗಾಯನದೊಳಗೆ ತಂದುಕೊಂಡರು. ಕಿರಾಣಾ ಘರಾಣೆಯನ್ನು ಬಿಟ್ಟುಕೊಡಲಿಲ್ಲ. ಸಾಹಿತ್ಯದ ಓದಿಗೂ ಆ ನಡೆ ದಾರಿಯಾಗಬಲ್ಲದು.

ಗೋಕಾಕರ ಬಾಳಿನ ಕೊನೆಯ ಅಧ್ಯಾಯವು ನಮಗೆ ಹತ್ತಿರದ್ದು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಈ ಇಂಗ್ಲಿಷ್ ಪ್ರಾಧ್ಯಾಪಕರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಅದನ್ನು ಜಾರಿಗೊಳಿಸಬೇಕೆಂದು 1982ರಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಗಡಿಯ ಈಚೆಗಿರುವ ನಮಗೆ ಆ ಚರಿತ್ರೆ ಎರಡು ಅಲಗಿನದು. ರಾಜ್ಯಭಾಷೆಗೆ ಅಗ್ರಸ್ಥಾನವೆಂಬ ತತ್ತ್ವವನ್ನು ಅಲ್ಲಿ ಮೆಚ್ಚಿದ ನಾವು, ಮಹಾರಾಷ್ಟ್ರವು 2020ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿದಾಗ ಇಲ್ಲಿ ಗೊಣಗುವುದು ನ್ಯಾಯವಲ್ಲ. ಅಂತೆಯೇ, ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಎರಡೂ ರಾಜ್ಯಗಳು ಗೌರವಿಸಲೇಬೇಕು. ಬೆಳಗಾವಿಯ ಮರಾಠಿ ಮಗುವಿಗೂ ಜತ್ತದ ಕನ್ನಡ ಮಗುವಿಗೂ ಹಕ್ಕು ಒಂದೇ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಅನುವಾದಕಿ ದೀಪಾ ಭಾಸ್ತಿ ಅವರು ಕನ್ನಡದ ಹಲವು ಮಾತುಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದರು. ಅರ್ಥ ತಿಳಿಯಬೇಕಾದರೆ ಇಂಗ್ಲೆಂಡಿನ ಓದುಗನೇ ಒಂದು ಹೆಜ್ಜೆ ಈಚೆಗೆ ಬರಬೇಕು. ಒಥೆಲೋನಿಗೆ ನಮ್ಮ ರುಮಾಲು ಸುತ್ತಿದ ಕಾಲದಿಂದ ಇಲ್ಲಿಯವರೆಗೆ ನಡೆದ ದಾರಿ ಸಣ್ಣದಲ್ಲ.

ಈ ಶಾಲೆಯ ಮಕ್ಕಳು ದಿನವೂ ಮೂರು ಲಿಪಿಗಳಲ್ಲಿ ಬರೆಯುತ್ತಾರೆ. ಅದನ್ನು ಹೊರೆಯೆಂದು ನಾವು ಬಹಳ ಕಾಲ ಭಾವಿಸಿದೆವು. ಆದರೆ ಬ್ರಿಟಿಷ್ ಸಾಹಿತ್ಯವನ್ನೂ, ಬ್ರಿಟಿಷರ ಆಳ್ವಿಕೆಯಿಂದ ಹೊರಬಂದ ನಾಡುಗಳ ಸಾಹಿತ್ಯವನ್ನೂ ಅರ್ಥಮಾಡಿಕೊಳ್ಳಲು ಬೇಕಾದ ಮೊದಲ ಅರಿವು, ಒಂದು ವಸ್ತುವಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ ಎಂಬುದು. ಆ ಅರಿವು ಇವರಿಗೆ ಒಂದನೆಯ ಇಯತ್ತೆಯಲ್ಲಿಯೇ ಬಂದುಬಿಡುತ್ತದೆ. ಮುಂದಿನ ನೂರು ವರ್ಷಗಳ ಆರಂಭಕ್ಕೆ ನಾವು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ನಮ್ಮ ಗ್ರಂಥಾಲಯದ ಒಂದೇ ಹಲಗೆಯ ಮೇಲೆ ಮುಗಳಿಯವರ ಚರಿತ್ರೆ, ಎರಡು ‘ಯಯಾತಿ’ಗಳು, ‘ಕಾಂತಾಪುರ’, ‘ಸಂಸ್ಕಾರ’ ಇವು ಜೊತೆಯಾಗಿ ನಿಲ್ಲಲಿ. ಅವುಗಳನ್ನು ಮಕ್ಕಳಿಗೆ ಓದಿ ಹೇಳುವ ಶಿಕ್ಷಕರು ಈ ಶಾಲೆಗೆ ಎಂದಿಗೂ ಕೊರತೆಯಾಗದಿರಲಿ.